ಹೆತ್ತವರ ಪ್ರೀತಿಗೆ ನಿರೀಕ್ಷೆ ಇರಬಾರದೇ?

ಪ್ರಶ್ನೆ: ತಂದೆ–ತಾಯಿಯ ಪ್ರೀತಿ ನಿಜಕ್ಕೂ ನಿಃಸ್ವಾರ್ಥವೇ?
– ಓದುಗರು, ಐವಾನ್-ಎ-ಶಾಹಿ, ಕಲಬುರಗಿ

ಉತ್ತರ: ಪೂರ್ತಿಯಾಗಿ ಅಲ್ಲ. ಹಾಗಿರಲೇಬೇಕೆಂದು ಹಟ ಹಿಡಿಯುವುದು ಹೆತ್ತವರಿಗೆ ಮಾಡುವ ಅನ್ಯಾಯ.

ನಿಮ್ಮ ಕಮಲಾಪುರದ ಕೆಂಪು ಬಾಳೆಯ ತೋಟ ನೋಡಿ. ಬುಡದಲ್ಲಿ ಎದ್ದ ಮರಿಗಳನ್ನೆಲ್ಲ ಬಿಟ್ಟರೆ ತಾಯಿಗಿಡದ ಗೊನೆ ಸೊರಗುತ್ತದೆ. ಅದಕ್ಕೇ ರೈತರು ಒಂದೆರಡನ್ನು ಉಳಿಸಿ ಮಿಕ್ಕವನ್ನು ಕೊಯ್ಯುತ್ತಾರೆ. ಪ್ರಾಣಿಗಳಲ್ಲೂ ತಾಯಿಯ ಹಿತ, ಮರಿಯ ಹಿತ ಪೂರ್ತಿ ಒಂದೇ ಅಲ್ಲವೆಂದು ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1974ರಲ್ಲಿ ವಾದಿಸಿದರು. ಹಾಲು ಬಿಡಿಸುವಾಗಿನ ರಂಪ ಅದರದೇ ಒಂದು ರೂಪ.

ಮನುಷ್ಯರಲ್ಲಿ ಮುಪ್ಪಿನ ಆಸರೆಯ ಆಸೆಯೂ ಸೇರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ‘ಮಕ್ಕಳಿಂದ ಏನೂ ಬೇಡ’ ಎನ್ನುತ್ತ ಹೊಲ, ಮನೆ ಬರೆದುಕೊಟ್ಟು ಆಮೇಲೆ ಊಟಕ್ಕೂ ಕೈಚಾಚುವ ಹಿರಿಯರನ್ನು ಕಂಡಾಗ ಕರುಳು ಕಿವುಚುತ್ತದೆ. 2007ರ ಪಾಲಕರ ಪೋಷಣೆ ಕಾಯ್ದೆ ಈ ನಿರೀಕ್ಷೆಯನ್ನು ಹಕ್ಕೆಂದೇ ಒಪ್ಪಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ಮಾತು ತಪ್ಪಿದರೆ, ಅದರ 23ನೇ ಕಲಮಿನಡಿ ರದ್ದು ಮಾಡಿಸಬಹುದು. ಅರ್ಜಿಯನ್ನು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಕೊಡಬೇಕು. ಆದರೆ ಪತ್ರದಲ್ಲಿ ಷರತ್ತು ಇತ್ತೇ ಎಂಬುದೇ ಎಷ್ಟೋ ಪ್ರಕರಣಗಳಲ್ಲಿ ದೊಡ್ಡ ತಕರಾರು. ಆದ್ದರಿಂದ ದಾನಪತ್ರ ಮಾಡಿಸುವ ದಿನವೇ, ಸಂಕೋಚ ಬಿಟ್ಟು, ‘ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು’ ಎಂಬ ಸಾಲನ್ನು ಬರೆಸಿ.