ತಾಳಿ ಕಟ್ಟದಿದ್ದರೂ ನ್ಯಾಯ ಇದೆ



ನಮ್ಮ ಪೆದ್ದಕಡುಬೂರು ಕಡೆ ಮಂದಿ ದುಡಿಯೋಕೆ ಊರು ಬಿಟ್ಟು ಹೋಗುತ್ತಾರೆ. ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ. ಹೋದ ಕಡೆಯಲ್ಲೋ, ನಮ್ಮ ಊರಲ್ಲೋ, ಕೆಲವರು ಮದುವೆ ಆಗದೆ ಕೂಡಿ ಬಾಳುತ್ತಾರೆ.

ಹೀಗೆ ಅಂದುಕೊಳ್ಳಿ. ಇಬ್ಬರು ಆರು ವರ್ಷ ಕೂಡಿ ಬಾಳಿದರು. ಒಂದು ಮಗು ಆಯಿತು. ಆಮೇಲೆ ಮನಸ್ಸು ಮುರಿಯಿತು. ಬೇರೆ ಆಗೋಣ ಅಂದರು. ಕಟ್ಟೆ ಮೇಲೆ ಹಿರಿಯರು ಕೂಡಿದರು. ಮೊದಲು ಕೇಳಿದ್ದು ಒಂದೇ ಮಾತು: "ತಾಳಿ ಕಟ್ಟಿದಾನೇನವ್ವ?" ಆಕೆ "ಇಲ್ಲ" ಅಂದಳು. "ಹಂಗಾದ್ರೆ ನಿನಗೇನೂ ಬರೋದಿಲ್ಲ, ಹೋಗು" ಅಂದರು.

ಈ ಮಾತು ಸರಿಯೇ? ಸರಿಯಲ್ಲ. ಯಾಕೆ, ನೋಡೋಣ.

ಮಗುವಿಗೆ ಏನು ಹಕ್ಕು?

ಅಪ್ಪ ಅಮ್ಮನ ಮದುವೆ ಆಗಿರಲಿ, ಬಿಡಲಿ, ಮಗುವನ್ನು ಸಾಕುವ ಹೊಣೆ ತಂದೆಗೆ ಇದ್ದೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನೂ ಇದನ್ನೇ ಹೇಳುತ್ತದೆ. ಅದರ ಹೆಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 144ನೇ ಕಲಮಿನಲ್ಲಿ ಈ ಮಾತಿದೆ. ಬಸವಿ ಬಿಡುವ ಪದ್ಧತಿಯನ್ನು ಆಂಧ್ರಪ್ರದೇಶ 1988ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಬಸವಿಯಾಗಿ ಬಿಟ್ಟ ಹೆಣ್ಣುಮಕ್ಕಳ ಮಕ್ಕಳಿಗೂ ಇದೇ ಹಕ್ಕು.

ಹೆಣ್ಣಿಗೆ ಏನು ಹಕ್ಕು?

ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆ 2005ರಲ್ಲಿ ಆಯಿತು. ಮದುವೆಯಾದವರಂತೆ ಬಾಳಿದ ಹೆಣ್ಣಿಗೂ ಅದು ರಕ್ಷಣೆ ಕೊಡುತ್ತದೆ. ಹೊಡೆದರೆ, ಮನೆಯಿಂದ ಹೊರಗೆ ಹಾಕಿದರೆ, ಖರ್ಚಿಗೆ ಕೊಡದೆ ಸತಾಯಿಸಿದರೆ ಆಕೆ ಕೋರ್ಟಿಗೆ ಅರ್ಜಿ ಕೊಡಬಹುದು. ಇದಕ್ಕೆ ಏನೇನು ಇರಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಬ್ಬರಿಗೂ ಮದುವೆಯ ವಯಸ್ಸು ಆಗಿರಬೇಕು. ಇಬ್ಬರೂ ಮದುವೆ ಆಗಲು ಅರ್ಹರಾಗಿರಬೇಕು. ಬಹಳ ಕಾಲ ಒಟ್ಟಿಗೆ ಬಾಳಿರಬೇಕು. ಗಂಡ ಹೆಂಡತಿ ಎಂದೇ ಮಂದಿ ತಿಳಿದಿರಬೇಕು. ಗಂಡಸಿಗೆ ಆಗಲೇ ಹೆಂಡತಿ ಇದ್ದರೆ ಹೆಣ್ಣಿಗೆ ಈ ದಾರಿ ಕಷ್ಟ. ಆದರೆ ಮಗುವಿನ ಹಕ್ಕು ಆಗಲೂ ಹೋಗದು.

ಜಗಳ ಇಲ್ಲದೆ ಬೇರೆ ಆಗಬಹುದೇ?

ಆಗಬಹುದು. ಆದೋನಿ ಕೋರ್ಟಿನಲ್ಲಿ ಮಂಡಲ ಕಾನೂನು ಸೇವಾ ಸಮಿತಿ ಇದೆ. ತೆಲುಗಿನಲ್ಲಿ "ನ್ಯಾಯ ಸೇವಾಧಿಕಾರ ಸಂಸ್ಥ" ಎಂದು ಕೇಳಿ, ತೋರಿಸುತ್ತಾರೆ. ಕೇಸು ಹಾಕುವ ಮುಂಚೆಯೇ ಅಲ್ಲಿ ಅರ್ಜಿ ಕೊಡಬಹುದು. ಫೀಸು ಇಲ್ಲ. ಅವರು ಎದುರಿನವರಿಗೆ ನೋಟೀಸು ಕಳಿಸಿ ಕರೆಸುತ್ತಾರೆ. ಇಬ್ಬರನ್ನೂ ಕೂಡಿಸಿ ಮಾತಾಡಿಸುತ್ತಾರೆ. ಇದೇ ಮಧ್ಯಸ್ಥಿಕೆ. ಮಧ್ಯಸ್ಥರು ತೀರ್ಪು ಹೇಳುವುದಿಲ್ಲ. ಒಪ್ಪುವುದು, ಬಿಡುವುದು ನಿಮ್ಮ ಇಷ್ಟ.

ಲೋಕ ಅದಾಲತ್ತಿನಲ್ಲಿ ಆದ ರಾಜಿ ಕೋರ್ಟಿನ ತೀರ್ಪಿಗೆ ಸಮ. ಕಟ್ಟೆ ಮೇಲಿನ ಮಾತಿಗೆ ಆ ಬಲ ಇಲ್ಲ. ರಾಜಿ ಆಗದಿದ್ದರೆ ಕೋರ್ಟಿನ ಬಾಗಿಲು ತೆರೆದೇ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರವೇ ಬಿಟ್ಟಿಯಾಗಿ ವಕೀಲರನ್ನು ಕೊಡುತ್ತದೆ. ಎಸ್‌ಸಿ, ಎಸ್‌ಟಿ ಗಂಡಸರಿಗೂ ಕೊಡುತ್ತದೆ.

ಏನೇನು ಮಾತಾಡಬೇಕು?

ಮಗು ಯಾರ ಹತ್ತಿರ ಇರಬೇಕು? ಇನ್ನೊಬ್ಬರು ಯಾವಾಗ ನೋಡಬೇಕು? ತಿಂಗಳಿಗೆ ಎಷ್ಟು ಹಣ, ಯಾವ ತಾರೀಖಿಗೆ, ಯಾವ ಬ್ಯಾಂಕು ಖಾತೆಗೆ? ಪಾತ್ರೆ, ಬಂಗಾರ, ಆಡು ಕುರಿ ಯಾರಿಗೆ? ಆಕೆ ಡ್ವಾಕ್ರಾ ಸಂಘದಲ್ಲಿ ಸಾಲ ತಂದು ಅವನ ಕೈಗೆ ಕೊಟ್ಟಿದ್ದರೆ ಆ ಕಂತು ಕಟ್ಟುವವರು ಯಾರು? ಮಗುವಿನ ಜನನ ಪತ್ರ, ಆಧಾರ್ ಯಾರ ಹತ್ತಿರ? ಒಂದೊಂದನ್ನೂ ಬರೆಸಿರಿ. "ಆಮೇಲೆ ನೋಡೋಣ" ಅಂತ ಬಿಡಬೇಡಿರಿ.

ಸಹಿ ಹಾಕುವ ಮುಂಚೆ

ಇಲ್ಲಿ ಕಾಗದಗಳು ಹೆಚ್ಚಾಗಿ ತೆಲುಗಿನಲ್ಲಿ ಇರುತ್ತವೆ. ನಿಮಗೆ ಕನ್ನಡ ಮಾತ್ರ ಬಂದರೆ ನಾಚಬೇಡಿ. "ಕನ್ನಡದಲ್ಲಿ ಹೇಳ್ರಿ" ಅಂತ ಕೇಳಿರಿ. ತಿಳಿಯುವ ತನಕ ಸಹಿ ಬೇಡ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಲೇಬೇಡಿ. "ಮಗುವಿಗೆ ಏನೂ ಬೇಡ" ಅಂತ ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ. ಒಂದು ಪ್ರತಿ ಇಸಕೊಂಡು ಜೋಪಾನ ಮಾಡಿರಿ.

ರಾಜಿ ಎಲ್ಲದಕ್ಕೂ ಅಲ್ಲ

ಹೊಡೆತ, ಬೆದರಿಕೆ ಇದ್ದರೆ ಮೊದಲು ಜೀವ ಉಳಿಸಿಕೊಳ್ಳಿ. 112ಕ್ಕೆ ಅಥವಾ ಮಹಿಳೆಯರ ಸಹಾಯವಾಣಿ 181ಕ್ಕೆ ಫೋನು ಮಾಡಿ. ಹುಡುಗಿಗೆ 18 ತುಂಬಿಲ್ಲದಿದ್ದರೆ ಅದು ರಾಜಿ ಮಾಡುವ ಮಾತೇ ಅಲ್ಲ, ಪೊಲೀಸರಿಗೆ ತಿಳಿಸಬೇಕಾದ ಅಪರಾಧ.

ಕೂಡಿ ಬಾಳಿದವರು ಬೇರೆ ಆಗಬಹುದು. ಮಗುವಿಗೆ ಮಾತ್ರ ಅಪ್ಪನೂ ಬೇಕು, ಅಮ್ಮನೂ ಬೇಕು. ಕಟ್ಟೆ ಮೇಲೆ ಕೂಡುವ ಹಿರಿಯರೇ, ಇನ್ನು ಮುಂದೆ ತಾಳಿಯ ಮಾತು ಆಮೇಲೆ ಕೇಳಿರಿ. ಮೊದಲು ಮಗುವಿನ ಮಾತು ಕೇಳಿರಿ.

ನೆನಪಿಡಿ: ಬಿಟ್ಟಿ ಕಾನೂನು ಸಲಹೆಗೆ 15100.

ಯೋಚಿಸಿ, ಹೇಳಿ:
1. ಮದುವೆ ಆಗದವರ ಮಗುವನ್ನು ಸಾಕುವ ಹೊಣೆ ತಂದೆಗೆ ಇದೆಯೇ?
2. ಕಾಗದ ತೆಲುಗಿನಲ್ಲಿ ಇದ್ದರೆ ನೀವು ಏನು ಕೇಳುತ್ತೀರಿ?
3. ಕಟ್ಟೆ ಮೇಲಿನ ಮಾತಿಗೂ ಲೋಕ ಅದಾಲತ್ತಿನ ರಾಜಿಗೂ ಏನು ವ್ಯತ್ಯಾಸ?