ಭಾಷಾಪರೀಕ್ಷೆಯ ಯಾವ ಫಲಿತಾಂಶವನ್ನು ಸಲ್ಲಿಸಬೇಕು?

ಗಡಿನಾಡಾದ ಕಾಸರಗೋಡಿನವರಿಗೆ ಊರು ಬಿಟ್ಟು ಹೋಗಿ ದುಡಿಯುವುದು ಹೊಸ ಸಂಗತಿಯಲ್ಲ. ಹಿಂದಿನ ತಲೆಮಾರಿನವರು ಮುಂಬಯಿಗೆ ಹೋದರು. ಅನಂತರದವರು ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಈಗ ಕೆನಡಾದಂತಹ ದೇಶದಲ್ಲಿ ಕಾಯಂ ಆಗಿ ನೆಲೆಸುವ ಉದ್ದೇಶದಿಂದ ಅರ್ಜಿ ಹಾಕುವವರೂ ನಮ್ಮ ಹಳೆ ವಿದ್ಯಾರ್ಥಿಗಳಲ್ಲಿದ್ದಾರೆ. ಈ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನೆಂಬ ಸಲುಗೆಯಿಂದ ಅವರು ನನ್ನಲ್ಲಿ ಕೇಳುವ ಪ್ರಶ್ನೆಯೊಂದುಂಟು: “ಮಾಷ್ಟ್ರೇ, ಎರಡು ಸಲ ಪರೀಕ್ಷೆ ಬರೆದಿದ್ದೇನೆ. ಯಾವ ಫಲಿತಾಂಶವನ್ನು ಕೊಡಲಿ?”

ಹೆಚ್ಚು ಅಂಕವಿರುವುದನ್ನು ಕೊಟ್ಟರಾಯಿತು ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಇಲ್ಲಿ ‘ಹೆಚ್ಚು’ ಎಂಬ ಮಾತಿನ ಅರ್ಥವೇ ಬೇರೆ. ಅದನ್ನು ತಿಳಿಯದೆ ಅರ್ಜಿ ತುಂಬಿದವರು ಕೈಯಲ್ಲಿದ್ದ ಅಂಕಗಳನ್ನೇ ಕಳೆದುಕೊಳ್ಳುವ ಸಂಭವವುಂಟು. ಆದುದರಿಂದ ಈ ವಿಷಯವನ್ನು ಕೊಂಚ ವಿಸ್ತಾರವಾಗಿ ವಿವರಿಸಲು ಈ ಸಂಚಿಕೆಯ ಅವಕಾಶವನ್ನು ಬಳಸಿಕೊಳ್ಳುತ್ತಿದ್ದೇನೆ.

ಕೆನಡಾ ಸರಕಾರವು 2015ರ ಜನವರಿಯಿಂದ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ವ್ಯವಸ್ಥೆಯನ್ನು ನಡೆಸುತ್ತ ಬಂದಿದೆ. ವಯಸ್ಸು, ವಿದ್ಯಾರ್ಹತೆ, ಕೆಲಸದ ಅನುಭವ, ಭಾಷಾಜ್ಞಾನ ಮೊದಲಾದವುಗಳಿಗೆ ಅಂಕ ನೀಡಿ, ಮೇಲಿನ ಸಾಲಿನಲ್ಲಿರುವವರನ್ನು ಅರ್ಜಿ ಸಲ್ಲಿಸಲು ಆಹ್ವಾನಿಸುವುದು ಇದರ ಕ್ರಮ. ವಯಸ್ಸನ್ನು ತಿದ್ದುವಂತಿಲ್ಲ, ಪದವಿ, ಅನುಭವಗಳನ್ನು ಪಡೆಯಲು ವರ್ಷಗಳು ಬೇಕು. ಕೆಲವೇ ತಿಂಗಳ ಪರಿಶ್ರಮದಿಂದ ಹೆಚ್ಚಿಸಿಕೊಳ್ಳಬಹುದಾದದ್ದು ಭಾಷೆಯ ಅಂಕ ಮಾತ್ರ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರವಾಗಲಿ, ಇಂಗ್ಲಿಷಿನಲ್ಲಿ ಪಡೆದ ಎಂ.ಎ. ಪದವಿಯಾಗಲಿ ಪರೀಕ್ಷೆಗೆ ಬದಲಿಯಾಗಲಾರದು. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ಪರೀಕ್ಷೆ ಬರೆಯಲೇಬೇಕು.

ಮೊದಲು ಗಮನಿಸಬೇಕಾದದ್ದು ಯಾವ ಪರೀಕ್ಷೆ ಸಲ್ಲುತ್ತದೆ ಎಂಬುದನ್ನು. ಇಂಗ್ಲಿಷಿಗೆ ಐಇಎಲ್‌ಟಿಎಸ್‌ನ ‘ಜನರಲ್ ಟ್ರೈನಿಂಗ್’ ವಿಭಾಗ, ‘ಸೆಲ್ಪಿಪ್ ಜನರಲ್’ ಮತ್ತು 2024ರ ಜನವರಿ ಕೊನೆಯಿಂದ ಮಾನ್ಯವಾದ ‘ಪಿಟಿಇ ಕೋರ್’ ಇವುಗಳನ್ನು ಒಪ್ಪುತ್ತಾರೆ. ವಿಶ್ವವಿದ್ಯಾಲಯದ ಪ್ರವೇಶಕ್ಕಾಗಿ ಬರೆದ ಐಇಎಲ್‌ಟಿಎಸ್‌ನ ‘ಅಕಾಡೆಮಿಕ್’ ವಿಭಾಗದ ಫಲಿತಾಂಶ ಎಷ್ಟೇ ಉತ್ತಮವಾಗಿದ್ದರೂ ಇಲ್ಲಿ ಉಪಯೋಗಕ್ಕೆ ಬಾರದು.

ಪ್ರತಿಯೊಂದು ಪರೀಕ್ಷೆಗೂ ತನ್ನದೇ ಆದ ಅಳತೆಯುಂಟು. ಅವೆಲ್ಲವನ್ನೂ ಒಂದೇ ಕೊಳಗದಲ್ಲಿ ಅಳೆಯುವುದಕ್ಕಾಗಿ ‘ಕೆನೇಡಿಯನ್ ಲ್ಯಾಂಗ್ವೇಜ್ ಬೆಂಚ್‌ಮಾರ್ಕ್’ ಎಂಬ ಮಟ್ಟಗಳಿಗೆ ಪರಿವರ್ತಿಸುತ್ತಾರೆ. ಶ್ರವಣ, ಓದು, ಬರಹ, ಮಾತು ಎಂಬ ನಾಲ್ಕು ಸಾಮರ್ಥ್ಯಗಳಿಗೂ ಪ್ರತ್ಯೇಕವಾಗಿಯೇ ಮಟ್ಟವನ್ನು ನಿರ್ಧರಿಸುತ್ತಾರೆ. ಐಇಎಲ್‌ಟಿಎಸ್‌ನಲ್ಲಿ 9ನೆಯ ಮಟ್ಟಕ್ಕೆ ಶ್ರವಣದಲ್ಲಿ 8, ಉಳಿದ ಮೂರರಲ್ಲಿ ತಲಾ 7 ಬೇಕು. ಸೆಲ್ಪಿಪ್‌ನಲ್ಲಿಯಾದರೆ ಪರೀಕ್ಷೆಯ ಮಟ್ಟವೂ ಈ ಮಟ್ಟವೂ ಒಂದೇ ಸಂಖ್ಯೆಯಲ್ಲಿರುತ್ತವೆ. ಫಲಿತಾಂಶ ಪತ್ರದಲ್ಲಿ ಎದ್ದು ಕಾಣುವ ಒಟ್ಟು ಸರಾಸರಿಯನ್ನು ಈ ಲೆಕ್ಕದಲ್ಲಿ ಯಾರೂ ನೋಡುವುದೇ ಇಲ್ಲ. ನಮ್ಮವರು ತಪ್ಪುವುದು ಇಲ್ಲಿಯೇ.

ನಮ್ಮಲ್ಲಿ ಕಲಿತ ಒಬ್ಬ ಯುವತಿ ತಂದು ತೋರಿಸಿದ ಎರಡು ಫಲಿತಾಂಶಗಳನ್ನು ಉದಾಹರಣೆಯಾಗಿ ನೋಡೋಣ. ಅವಿವಾಹಿತೆ, ಸ್ನಾತಕೋತ್ತರ ಪದವಿ ಇದೆ, ಬೆಂಗಳೂರಿನಲ್ಲಿ ಮೂರು ವರ್ಷಕ್ಕೂ ಮೀರಿದ ಅನುಭವವಿದೆ. ಮೊದಲ ಸಲ ಶ್ರವಣದಲ್ಲಿ 8.5, ಓದಿನಲ್ಲಿ 8.5, ಬರಹದಲ್ಲಿ 6.5, ಮಾತಿನಲ್ಲಿ 8, ಸರಾಸರಿ 8. ಎರಡನೆಯ ಸಲ ಶ್ರವಣದಲ್ಲಿ 8, ಉಳಿದ ಮೂರರಲ್ಲಿ 7, ಸರಾಸರಿ 7.5. ಮನೆಯವರೆಲ್ಲ ಮೊದಲನೆಯದನ್ನೇ ಕೊಡಬೇಕೆಂದರು. ಎರಡನೆಯ ಪರೀಕ್ಷೆಗೆ ಕಟ್ಟಿದ ಶುಲ್ಕ ವ್ಯರ್ಥವಾಯಿತೆಂದು ಆಕೆಗೂ ಬೇಸರವಿತ್ತು.

ನಾವು ಕಾಗದ ಹಿಡಿದು ಲೆಕ್ಕ ಹಾಕಿದೆವು. ಒಂಟಿ ಅರ್ಜಿದಾರರಿಗೆ ಪ್ರತಿ ಸಾಮರ್ಥ್ಯದಲ್ಲಿ 8ನೆಯ ಮಟ್ಟಕ್ಕೆ 23, 9ನೆಯ ಮಟ್ಟಕ್ಕೆ 31, 10 ಮತ್ತು ಅದಕ್ಕೆ ಮೇಲ್ಪಟ್ಟ ಮಟ್ಟಕ್ಕೆ 34 ಅಂಕಗಳು. ಮೊದಲ ಪತ್ರದಲ್ಲಿ ಮೂರು ಸಾಮರ್ಥ್ಯಗಳು 10ನೆಯ ಮಟ್ಟವನ್ನು ಮುಟ್ಟಿದ್ದವು. ಬರಹ ಮಾತ್ರ 8ರಲ್ಲಿ ನಿಂತಿತ್ತು. ಮೊತ್ತ 125. ಎರಡನೆಯದರಲ್ಲಿ ನಾಲ್ಕೂ 9ನೆಯ ಮಟ್ಟದವು, ಮೊತ್ತ 124. ಇಷ್ಟಕ್ಕೇ ನಿಲ್ಲಿಸಿದ್ದರೆ ಮೊದಲನೆಯದೇ ಒಂದು ಅಂಕ ಮುಂದು. ಆದರೆ ಭಾಷೆಯನ್ನು ವಿದ್ಯಾರ್ಹತೆಯೊಂದಿಗೂ ಅನುಭವದೊಂದಿಗೂ ಜೋಡಿಸಿ ಕೊಡುವ ಅಂಕಗಳು ಬೇರೆ ಉಂಟು. ನಾಲ್ಕೂ ಸಾಮರ್ಥ್ಯಗಳು 9ನೆಯ ಮಟ್ಟದಲ್ಲಿದ್ದರೆ ಸ್ನಾತಕೋತ್ತರ ಪದವಿಗೆ 50, ಮೂರು ವರ್ಷದ ಹೊರದೇಶದ ಅನುಭವಕ್ಕೆ 50, ಹೀಗೆ 100 ಅಂಕ ದೊರೆಯುತ್ತದೆ. (ಕೆನಡಾದ ದೃಷ್ಟಿಯಲ್ಲಿ ಬೆಂಗಳೂರೂ ಹೊರದೇಶವೇ.) ನಾಲ್ಕೂ 7ರ ಮೇಲಿದ್ದು ಒಂದಾದರೂ 9ಕ್ಕಿಂತ ಕೆಳಗಿದ್ದರೆ ಅದು 25 ಮತ್ತು 25, ಅಂದರೆ 50ಕ್ಕೆ ಇಳಿಯುತ್ತದೆ. ಹೀಗಾಗಿ ಮೊದಲ ಪತ್ರಕ್ಕೆ ಸಿಗುವುದು ಒಟ್ಟು 175, ಎರಡನೆಯದಕ್ಕೆ 224. ಸರಾಸರಿ ಕಡಿಮೆಯಿದ್ದ ಪತ್ರವೇ 49 ಅಂಕ ಮುಂದೆ! ಆಕೆ ಅದನ್ನೇ ಸಲ್ಲಿಸಿದಳು.

ಮಂಚದ ಒಂದು ಕಾಲು ಗಿಡ್ಡವಾದರೆ ಉಳಿದ ಮೂರರ ಎತ್ತರದಿಂದ ಪ್ರಯೋಜನವಿಲ್ಲ. ಅಂತೆಯೇ ಫಲಿತಾಂಶವನ್ನು ಆರಿಸುವಾಗ ಅತ್ಯುತ್ತಮವಾದ ಅಂಕವನ್ನಲ್ಲ, ಅತ್ಯಂತ ದುರ್ಬಲವಾದ ಅಂಕವನ್ನು ಮೊದಲು ನೋಡಬೇಕು ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು.

ಹಾಗಿದ್ದರೆ ಒಂದು ಪತ್ರದ ಓದನ್ನೂ ಇನ್ನೊಂದರ ಬರಹವನ್ನೂ ಕೂಡಿಸಿ ಕೊಡಬಹುದೇ ಎಂದು ಕೇಳುವವರಿದ್ದಾರೆ. ಕೂಡದು. ನಾಲ್ಕೂ ಅಂಕಗಳು ಒಂದೇ ಫಲಿತಾಂಶ ಪತ್ರದವಾಗಿರಬೇಕು. ಆದರೆ ಕೊನೆಯ ಸಲ ಬರೆದದ್ದನ್ನೇ ಕೊಡಬೇಕೆಂಬ ಕಟ್ಟುಪಾಡಿಲ್ಲ. ಅವಧಿ ಮೀರದ ಯಾವುದನ್ನಾದರೂ ಆರಿಸಬಹುದು.

ಅವಧಿಯ ಮಾತು ಬಂದುದರಿಂದ ಅದನ್ನೂ ಸ್ಪಷ್ಟಪಡಿಸುವುದು ಯುಕ್ತ. ಫಲಿತಾಂಶಕ್ಕೆ ಎರಡು ವರ್ಷದ ಆಯುಷ್ಯ. ಹೆಸರು ನೋಂದಾಯಿಸುವಾಗ ಮಾತ್ರವಲ್ಲ, ಆಹ್ವಾನ ಬಂದ ಬಳಿಕ ಪೂರ್ಣ ಅರ್ಜಿಯನ್ನು ಸಲ್ಲಿಸುವ ದಿನವೂ ಅದು ಜೀವಂತವಾಗಿರಬೇಕು. ಆಹ್ವಾನ ಬಂದ ಮೇಲೆ ಅರ್ಜಿಗೆ 60 ದಿನಗಳ ಕಾಲಾವಕಾಶವಿದೆ. ಆದುದರಿಂದ ಮುಂದಿನ ತಿಂಗಳು ಅವಧಿ ಮುಗಿಯುವ ಉತ್ತಮ ಪತ್ರವನ್ನೇ ನಂಬಿ ಕುಳಿತಿರುವುದು ಜಾಣತನವಲ್ಲ. ಇನ್ನೊಂದೆಡೆ, ಅಂಕ ಹೆಚ್ಚಲಿ ಎಂದು ಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡುವುದೂ ಸರಿಯಲ್ಲ. ಮೂವತ್ತು ತುಂಬಿದ ಬಳಿಕ ವಯಸ್ಸಿನ ಅಂಕವು ವರ್ಷಕ್ಕೆ ಐದಾರರಂತೆ ಕರಗುತ್ತದೆ.

ದಂಪತಿಗಳು ಅರ್ಜಿ ಹಾಕುವುದಾದರೆ ಇಬ್ಬರಲ್ಲಿ ಯಾರು ಮುಖ್ಯ ಅರ್ಜಿದಾರರಾಗಬೇಕೆಂಬುದು ಅವರ ಆಯ್ಕೆಗೇ ಬಿಟ್ಟದ್ದು. ಅವರಿಗೆ ಅಂಕಗಳ ಪಟ್ಟಿ ತುಸು ಬೇರೆ; ಜೊತೆಗಾರರ ಭಾಷೆಗೂ 20ರವರೆಗೆ ಅಂಕವುಂಟು. ಗಂಡನೇ ಮುಖ್ಯನೆಂದು ಮೊದಲೇ ತೀರ್ಮಾನಿಸದೆ ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡುವುದು ಲೇಸು.

ಇಂಗ್ಲಿಷಿನ ಜೊತೆಗೆ ಫ್ರೆಂಚ್ ಬಲ್ಲವರು ‘ಟೆಫ್ ಕೆನಡಾ’ ಅಥವಾ ‘ಟಿಸಿಎಫ್ ಕೆನಡಾ’ ಪರೀಕ್ಷೆಯ ಫಲಿತಾಂಶವನ್ನೂ ಸಲ್ಲಿಸಬಹುದು. ಫ್ರೆಂಚಿನ ನಾಲ್ಕೂ ಸಾಮರ್ಥ್ಯಗಳಲ್ಲಿ 7ನೆಯ ಮಟ್ಟವೂ ಇಂಗ್ಲಿಷಿನಲ್ಲಿ ಕನಿಷ್ಠ 5ನೆಯ ಮಟ್ಟವೂ ಇದ್ದರೆ 50 ಅಂಕ ಹೆಚ್ಚುವರಿಯಾಗಿ ದೊರೆಯುತ್ತದೆ. ಫ್ರೆಂಚ್ ಬಲ್ಲವರಿಗಾಗಿಯೇ ಪ್ರತ್ಯೇಕ ಆಹ್ವಾನಗಳನ್ನು 2023ರಲ್ಲಿ ಆರಂಭಿಸಿದ್ದಾರೆ.

ಒಂದು ಎಚ್ಚರಿಕೆಯ ಮಾತು. ಪತ್ರದಲ್ಲಿರುವ ಅಂಕವನ್ನೇ ಯಥಾವತ್ತಾಗಿ ತುಂಬಬೇಕು. ಸುಳ್ಳು ವಿವರ ಕೊಟ್ಟದ್ದು ರುಜುವಾತಾದರೆ ಐದು ವರ್ಷಗಳ ಕಾಲ ಆ ದೇಶದ ಬಾಗಿಲು ಮುಚ್ಚುತ್ತದೆ. ಅರ್ಜಿ ತುಂಬಿಕೊಡುವ ದಲ್ಲಾಳಿಯನ್ನು ನಂಬಿದೆ ಎಂದರೆ ಕೇಳುವವರಿಲ್ಲ. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿಗೆ ಮುನ್ನ ಕೆನಡಾ ಸರಕಾರದ ಪ್ರಕಟಣೆಯನ್ನು ಸ್ವತಃ ಓದಿಕೊಳ್ಳುವುದು ಅಗತ್ಯ.

ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳು ಈ ಪರೀಕ್ಷೆಯ ಹೆಸರು ಕೇಳಿಯೇ ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ಯಾವ ಮಾಧ್ಯಮದಲ್ಲಿ ಕಲಿತೆ ಎಂದು ಆ ಪರೀಕ್ಷೆ ಕೇಳುವುದಿಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತ, ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತ, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸುತ್ತ ಬೆಳೆದ ಮಗುವಿಗೆ ಮತ್ತೊಂದು ಭಾಷೆಯನ್ನು ಕಲಿಯುವ ದಾರಿ ಅಪರಿಚಿತವಲ್ಲ. ಆ ಅರ್ಜಿಯಲ್ಲಿ ಈ ಭಾಷೆಗಳಿಗೆ ಅಂಕವಿಲ್ಲ, ನಿಜ. ಆದರೆ ಕೇಳುವುದು, ಓದುವುದು, ಬರೆಯುವುದು, ಆಡುವುದು ಎಂಬ ನಾಲ್ಕನ್ನೂ ಸಮವಾಗಿ ಬೆಳೆಸಿಕೊಳ್ಳಬೇಕೆಂಬ ಪಾಠವನ್ನು ಈ ಶಾಲೆಯು ಐವತ್ತು ವರ್ಷಗಳಿಂದ ಕನ್ನಡದಲ್ಲಿಯೇ ಕಲಿಸುತ್ತ ಬಂದಿದೆ. ಅದನ್ನು ಮರೆಯದವರು ಯಾವ ಪರೀಕ್ಷೆಗೂ ಅಂಜಬೇಕಾಗಿಲ್ಲ.