ಮೊದಲ ವಿಶ್ವಕಪ್‌ನಲ್ಲಿ ಭದ್ರಾವತಿಯ ವಿಶಿ

ಪುರುಷರ ಕ್ರಿಕೆಟ್ ವಿಶ್ವಕಪ್‌ನ ಮೊಟ್ಟಮೊದಲ ಪಂದ್ಯಗಳಲ್ಲಿ ಭಾರತವೂ ಆಡಿತ್ತು. ಭಾರತದ ಆ ಮೊದಲ ಪಂದ್ಯದಲ್ಲಿ ನಮ್ಮ ಕಡೆ ಅತಿ ಹೆಚ್ಚು ರನ್ ಹೊಡೆದವರು ಯಾರು ಗೊತ್ತಾ? ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್, ಅಂದರೆ ನಮ್ಮ ವಿಶಿ!

1975ರ ಜೂನ್ 7, ಲಾರ್ಡ್ಸ್ ಮೈದಾನ. 60 ಓವರಿಗೆ ಇಂಗ್ಲೆಂಡ್ 334, ಭಾರತ ಬರೀ 132. ಅದರಲ್ಲಿ ವಿಶಿ 37, ಗವಾಸ್ಕರ್ ಔಟಾಗದೆ 36.

1979ರಲ್ಲಿ ಮತ್ತೆ ವಿಶ್ವಕಪ್. ಎಜ್‌ಬಾಸ್ಟನ್‌ನಲ್ಲಿ ವೆಸ್ಟ್ ಇಂಡೀಸ್ ವೇಗಿಗಳೆದುರು ಭಾರತ 190ಕ್ಕೆ ಆಲೌಟ್. ವಿಶಿ ಒಬ್ಬರದೇ 75!

ಅವರ ಸ್ಕ್ವೇರ್ ಕಟ್ ನೋಡಿ: ಆಫ್ ಸ್ಟಂಪ್ ಆಚೆಯ ಚೆಂಡು ಹತ್ತಿರ ಬರುವವರೆಗೂ ಕಾಯ್ತಾರೆ, ಕೊನೇ ಗಳಿಗೆಯಲ್ಲಿ ಮಣಿಕಟ್ಟು ತಿರುಗುತ್ತೆ, ಚೆಂಡು ಬೌಂಡರಿಗೆ!

ಎರಡೂ ಪಂದ್ಯ ಸೋತೆವು, ನಿಜ. ಆದರೆ ತಂಡ ಕುಸಿದಾಗಲೂ ವಿಶಿ ನಿಂತು ಆಡಿದರು. ಭದ್ರಾವತಿಯ ಪಕ್ಕದ ಶಿವಮೊಗ್ಗದ ನವುಲೆ ಸ್ಟೇಡಿಯಂನಲ್ಲಿ ಪ್ಯಾಡ್ ಕಟ್ಟೋ ಮಕ್ಕಳೇ, ಈ ಆಟ ನೋಡಿ ಕಲಿಯಿರಿ!